ತಿದ್ದಿದ ದನಿ

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಕೂಗುತ್ತಿರಲಿಲ್ಲ. ದೊಡ್ಡ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಕಿವಿಯಕ್ಕ. ಸೇನೆಯ ಹೆಲಿಕಾಪ್ಟರ್ ಬಿದ್ದರೆ ಅದು ಏಕೆ ಬಿತ್ತೆಂದು ಪತ್ತೆ ಹಚ್ಚುವ ಕಚೇರಿ ಅದು. ಅಲ್ಲಿ ಒಬ್ಬರು ಸುಟ್ಟ ತಗಡು ನೋಡುತ್ತಿದ್ದರು, ಇನ್ನೊಬ್ಬರು ಮುರಿದ ಹಲ್ಲುಚಕ್ರ ನೋಡುತ್ತಿದ್ದರು. ಕಿವಿಯಕ್ಕ ಕೇಳುತ್ತಿದ್ದಳು. ಪೈಲಟ್‌ಗಳು ಕೂರುವ ಕಡೆ ಸದಾ ಓಡುತ್ತಿರುವ ಧ್ವನಿಮುದ್ರಣದ ಟೇಪನ್ನು ಅವಶೇಷದೊಳಗಿಂದ ಹೆಕ್ಕಿ ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದರು. ಅದರಲ್ಲಿ ಮಾತಿಗಿಂತ ಸದ್ದೇ ಹೆಚ್ಚು. ತಲೆಯ ಮೇಲೆ ಸುತ್ತುವ ದೊಡ್ಡ ರೆಕ್ಕೆಗಳು, ಅಂದರೆ ರೋಟರ್, ಅದನ್ನು ತಿರುಗಿಸುವ ಹಲ್ಲುಚಕ್ರಗಳು, ಹಿಂದೆ ಕೂತ ಇಂಜಿನ್ನು, ಒಂದೊಂದಕ್ಕೂ ಒಂದೊಂದು ಶ್ರುತಿ. ಶ್ರುತಿ ಅಳೆದರೆ ಯಾವುದು ಎಷ್ಟು ವೇಗದಲ್ಲಿ ತಿರುಗುತ್ತಿತ್ತೆಂದು ತಿಳಿಯುತ್ತದೆ. ಹಾಗೆ ಅಳೆದು ಅವಳು ಕಾಗದದ ಮೇಲೆ ಗೆರೆ ಎಳೆದುಕೊಟ್ಟರೆ ಅದರ ಮೇಲೆ ಮಾತಿರಲಿಲ್ಲ. ಅಂಥ ಹೆಸರು ಮಾಡಿದ್ದ ಕಿವಿ.

ಆ ಕಿವಿಗೆ ಹನ್ನೊಂದು ವರ್ಷದಿಂದ ಒಂದು ಕಾಟ ಹತ್ತಿಕೊಂಡಿತ್ತು. ಒಂದು ಟೇಪಿನ ಕೊನೆಯ ಇಪ್ಪತ್ತೆರಡು ಸೆಕೆಂಡು ಅವಳ ಬೆನ್ನು ಬಿಡುತ್ತಿರಲಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ ಆ ಹೆಲಿಕಾಪ್ಟರಿನ ಸದ್ದು ಗಂಟಲಿನೊಳಗೆ ತಾನೇ ಶುರುವಾಗುತ್ತಿತ್ತು. ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು, ಗುನುಗುತ್ತಿದ್ದೇನೆಂಬ ಅರಿವು ಅವಳಿಗಿರುತ್ತಿರಲಿಲ್ಲ. ಗಂಡ ನಿವೃತ್ತ ಬಸ್ ಡ್ರೈವರ್. ಪೇಪರ್ ಓದುತ್ತಾ ಕೂತಲ್ಲಿಂದಲೇ ರೇಗಿಸುತ್ತಿದ್ದ.

“ಏನೇ ಅದು, ದಿನಾ ಅದೇ ಹಾಡು? ದಿಬ್ಬ ಹತ್ತೋ ಬಸ್ಸಿನ ಹಾಗೆ ಕೊನೆಗೆ ಕುಗ್ಗಿ ಹೋಗುತ್ತೆ. ಗೇರ್ ಬದಲಾಯ್ಸು ಮಾರಾಯ್ತಿ!”

“ಕುಗ್ಗಲ್ಲ ರೀ. ಅದು ಕೊನೇವರೆಗೂ ಒಂದೇ ಸಮ ಇದೆ. ನಾನೇ ಅಳೆದಿದೀನಿ.”

“ನೀನು ಅಳೆದಿರಬಹುದು. ನಾನು ಕೇಳಿದ್ದು ಹೇಳ್ದೆ” ಎಂದು ಅವನು ಪುಟ ತಿರುವುತ್ತಿದ್ದ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಇಂಜಿನ್ನಿನ ದಣಿವು ಗೊತ್ತಾಗುತ್ತದೆ. ಆದರೆ ಕಿವಿಯಕ್ಕ ಗಂಡನ ಮಾತನ್ನು ಕಿವಿಗೆ ಹಾಕಿಕೊಂಡವಳಲ್ಲ.

ಕಾಟ ಅದೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಪ್ರತಿವರ್ಷ ಆ ಹೆಲಿಕಾಪ್ಟರ್ ಬಿದ್ದ ತಾರೀಖಿನ ದಿನ, ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಸರಿಯಾಗಿ, ಅದರ ಪೈಲಟ್‌ನ ತಾಯಿ ಕಚೇರಿಯ ಗೇಟಿಗೆ ಬರುತ್ತಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು, ಕಾವಲುಗಾರರ ಬಾಯಲ್ಲಿ ದರ್ಜಿಯಮ್ಮ. ಕೊರಳಲ್ಲಿನ ಅಳತೆ ಪಟ್ಟಿಯನ್ನೂ ತೆಗೆಯದೆ ಬಂದುಬಿಡುತ್ತಿದ್ದಳು. ಕೈಯಲ್ಲಿ ಒಂದು ಅರ್ಜಿ, ಅದರಲ್ಲಿ ಒಂದೇ ಸಾಲು: ನನ್ನ ಮಗನ ದನಿಯನ್ನು ಒಂದು ಸಲ ಕೇಳಿಸಿ. ಮನೆಯವರಿಗೆ ಟೇಪು ಕೇಳಿಸಬಾರದೆಂಬ ನಿಯಮವಿತ್ತು. ಅರ್ಜಿಗೆ ಮೊಹರು ಬೀಳುತ್ತಿತ್ತು, ಅವಳು ವಾಪಸು ಹೋಗುತ್ತಿದ್ದಳು. ಆ ಒಂದು ದಿನ ಕಿವಿಯಕ್ಕ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಆ ಮಗನ ದನಿಯನ್ನು ಸಾವಿರ ಸಲ ಕೇಳಿದ ತಾನು, ಒಂದು ಸಲವೂ ಕೇಳದ ತಾಯಿಯ ಎದುರು ಯಾವ ಮುಖ ಇಟ್ಟುಕೊಂಡು ಹಾದು ಹೋಗುವುದು?

ಅಪಘಾತದ ಕಥೆಯನ್ನು ವರದಿ ನಾಲ್ಕೇ ಮಾತಿನಲ್ಲಿ ಮುಗಿಸಿತ್ತು. ಬಿಸಿಲ ನಡುಹಗಲು, ಎತ್ತರದ ಗುಡ್ಡದ ನೆತ್ತಿ, ಒಳಗೆ ಇಬ್ಬರು ಪೈಲಟ್‌ಗಳು ಮತ್ತು ಆರು ಸೈನಿಕರು. ಇಳಿಯಲು ಹೋದ ಹೆಲಿಕಾಪ್ಟರ್ ಇಳಿಯದೆ ಬಿತ್ತು. ಹಿಂದೆ ಕೂತ ಇಬ್ಬರು ಸೈನಿಕರು ಮಾತ್ರ ಉಳಿದರು. ತನಿಖೆಯ ಮುಂದೆ ಇದ್ದದ್ದು ಎರಡು ದಾರಿ. ಒಂದು, ಇಂಜಿನ್ನಿನ ಬಲ ಸಾಲಲಿಲ್ಲ. ಬಿಸಿಲು ಹೊತ್ತಿನಲ್ಲಿ ಗುಡ್ಡದ ಮೇಲಿನ ಗಾಳಿ ತೆಳುವಾಗಿರುತ್ತದೆ, ಅಂಥ ಗಾಳಿಯಲ್ಲಿ ಭಾರ ಎತ್ತಿ ಹಿಡಿಯಲು ರೋಟರಿಗೆ ಹೆಚ್ಚು ಬಲ ಬೇಕು, ಇಂಜಿನ್ನು ಅದೇ ಹೊತ್ತಿಗೆ ಕಡಿಮೆ ಬಲ ಕೊಡುತ್ತದೆ. ಇನ್ನೊಂದು, ಪೈಲಟ್ ಅವಸರಪಟ್ಟು ನೇರ ಕೆಳಕ್ಕೆ ಇಳಿಸಿದ, ರೆಕ್ಕೆಗಳು ತಾವೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿ ಹೆಲಿಕಾಪ್ಟರ್ ಕುಸಿಯಿತು. ಬಲ ಸಾಲದಿದ್ದರೆ ರೋಟರಿನ ವೇಗ ಇಳಿಯಬೇಕು. ಸುಳಿಗೆ ಸಿಕ್ಕಿದ್ದರೆ ವೇಗ ಹಾಗೇ ಇರುತ್ತದೆ. ಇಂಜಿನ್ನು ಸುಟ್ಟು ಕರಕಲಾಗಿತ್ತು, ಅದು ಬಾಯಿ ಬಿಡುವಂತಿರಲಿಲ್ಲ. ಎಲ್ಲರೂ ಕಿವಿಯಕ್ಕನ ಗೆರೆಗೆ ಕಾದು ಕೂತರು.

ಟೇಪೂ ಬೆಂದು ಸುರುಟಿಕೊಂಡೇ ಬಂದಿತ್ತು. ಅಂಥ ಟೇಪು ಕೆಲವು ಕಡೆ ಹಿಗ್ಗಿರುತ್ತದೆ, ಹಿಗ್ಗಿದ ಕಡೆ ಎಲ್ಲ ಸದ್ದೂ ತಗ್ಗಿ ಕೇಳುತ್ತದೆ. ಅದನ್ನು ಸರಿಪಡಿಸಲು ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಹೆಲಿಕಾಪ್ಟರಿನ ಉಪಕರಣಗಳಿಗೆ ಹೋಗುವ ಕರೆಂಟು ಟೇಪಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತದೆ. ಸೆಕೆಂಡಿಗೆ ನಾನೂರು ಸಲ ಅದರ ಕಂಪನ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ಗುಂಯ್ ಎಲ್ಲಿ ತಗ್ಗಿದೆಯೋ ಅಲ್ಲಿ ಟೇಪು ಹಿಗ್ಗಿದೆ ಎಂದರ್ಥ. ಅಲ್ಲಿ ಅದನ್ನು ಎಳೆದು ನಾನೂರಕ್ಕೆ ತಂದು ನಿಲ್ಲಿಸಿದರೆ ಮಿಕ್ಕೆಲ್ಲ ಸದ್ದೂ ತಂತಮ್ಮ ಜಾಗಕ್ಕೆ ಬರುತ್ತದೆ. ಈ ಟೇಪಿನ ಕೊನೆಯ ಇಪ್ಪತ್ತೆರಡು ಸೆಕೆಂಡಿನಲ್ಲಿ ಗುಂಯ್ ತಗ್ಗುತ್ತಾ ಹೋಗಿತ್ತು. ಅವಳು ಅದನ್ನು ನಾನೂರಕ್ಕೆ ಏರಿಸಿದಳು. ರೋಟರಿನ ಗೆರೆ ಕೊನೆಯವರೆಗೆ ಬಿಗಿದ ದಾರದಂತೆ ನೆಟ್ಟಗೆ ನಿಂತಿತು.

ಉಳಿದುಕೊಂಡ ಇಬ್ಬರು ಸೈನಿಕರು “ಬೀಳೋಕ್ ಮುಂಚೆ ಸದ್ದು ಕುಗ್ಗಿತು ಸರ್” ಎಂದಿದ್ದರು. ಪೆಟ್ಟು ತಿಂದವರ ನೆನಪು ಎಂದು ಅದನ್ನು ಬದಿಗಿಟ್ಟರು. ತಿದ್ದಿದ ಟೇಪಿನಲ್ಲಿ ಪೈಲಟ್‌ನ ದನಿ ಕೊನೆಗೆ ಏರಿ, ಮಾತು ಚುರುಕಾಗಿತ್ತು. ವರದಿಯ ಒಂಬತ್ತನೇ ಪುಟ ಅದನ್ನೂ ಬಿಡಲಿಲ್ಲ: ಪೈಲಟ್ ಗಾಬರಿಗೊಂಡಿದ್ದ. ಇಂಜಿನ್ನಿನಲ್ಲಿ ದೋಷವಿಲ್ಲ, ತಪ್ಪು ಪೈಲಟ್‌ನದು. ಮನೆಯವರಿಗೂ ಹಾಗೆಯೇ ಕಾಗದ ಹೋಯಿತು. ಕಿವಿಯಕ್ಕನ ಉಪಾಯಕ್ಕೆ ಚೌಕಟ್ಟು ಹಾಕಿದ ಪ್ರಶಂಸಾಪತ್ರ ಬಂತು. ಅದು ಇಂದಿಗೂ ಅವಳ ಮೇಜಿನ ಮೇಲಿನ ಗೋಡೆಯಲ್ಲಿತ್ತು. ಆಮೇಲಿನ ವರ್ಷಗಳಲ್ಲಿ ಅದೇ ಮಾದರಿಯ ಇನ್ನೆರಡು ಹೆಲಿಕಾಪ್ಟರ್ ಅಂಥವೇ ಗುಡ್ಡಗಳ ಮೇಲೆ ಬಿದ್ದವು. ಅವುಗಳ ಟೇಪನ್ನೂ ಅವಳು ಅದೇ ಉಪಾಯದಿಂದ ತಿದ್ದಿದಳು. ಅಲ್ಲೂ ತಪ್ಪು ಪೈಲಟ್‌ಗಳದೇ ಎಂದಾಯಿತು.

ಹನ್ನೊಂದನೇ ವರ್ಷದ ಆ ತಾರೀಖು ಬಂದಾಗ ಅವಳ ನಿವೃತ್ತಿಗೆ ಇಪ್ಪತ್ತಾರು ದಿನ ಬಾಕಿ. ಹಿಂದಿನ ಬಾಗಿಲಿಗೆ ರಿಪೇರಿ ನಡೆದಿತ್ತು, ಮುಂದಿನ ಗೇಟಿನಿಂದಲೇ ಬರಬೇಕಾಯಿತು. ಕಾವಲುಗಾರನ ಕಿಟಕಿಯ ಬಳಿ ದರ್ಜಿಯಮ್ಮ ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಅರ್ಜಿಯನ್ನು ಕಿಟಕಿಯೊಳಗೆ ಚಾಚಿದ್ದಳು. ಮುಂದಿನ ವರ್ಷ ಈ ಹೆಂಗಸು ಬಂದಾಗ ನಾನೇ ಇಲ್ಲಿರುವುದಿಲ್ಲ ಎಂದು ಕಿವಿಯಕ್ಕನಿಗೆ ಹೊಳೆಯಿತು. ತಡೆಯಲಾಗಲಿಲ್ಲ.

“ಬನ್ನಿ ನನ್ ಜೊತೆ” ಎಂದಳು.

ಕಾವಲುಗಾರ ಬಾಯಿ ತೆರೆದ. “ಕಿವಿಯಕ್ಕಾ, ಸಾಹೇಬ್ರಿಗೆ ಗೊತ್ತಾದ್ರೆ...”

“ಗೊತ್ತಾದ್ರೆ ಇಪ್ಪತ್ತಾರು ದಿನ ಮುಂಚೆ ಮನೆಗೆ ಕಳಿಸ್ತಾರೆ, ಅಷ್ಟೇ ತಾನೆ? ನೀನು ಆ ಕಡೆ ನೋಡು.” ಅವನು ಒಳ್ಳೆಯವನು. ಆ ಕಡೆ ನೋಡಿದ.

ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಬಡಿದ ಪುಟ್ಟ ಕೋಣೆ ಅದು. ಒಂದು ಮೇಜು, ಎರಡು ಕುರ್ಚಿ, ಕಿವಿಗೆ ಹಾಕುವ ಹೆಡ್‌ಫೋನು. ಅಲ್ಲಿ ಕೂತರೆ ತನ್ನ ಉಸಿರೇ ತನಗೆ ಕೇಳುತ್ತದೆ. ದರ್ಜಿಯಮ್ಮ ಕುರ್ಚಿಯ ಅಂಚಿನಲ್ಲಿ ಕೂತಳು. ಕಿವಿಯಕ್ಕ ತಿದ್ದಿದ ಪ್ರತಿಯನ್ನೇ ಹಾಕಿದಳು. ಅದು ಚೊಕ್ಕವಾದದ್ದು, ವರದಿಗೆ ಹೋದದ್ದು. ಬೀಳುವ ಸದ್ದು ಬರುವ ಮೊದಲೇ ನಿಲ್ಲಿಸಲು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡಳು. ಆ ಇಪ್ಪತ್ತೆರಡು ಸೆಕೆಂಡು ಅವಳಿಗೆ ಬಾಯಿಪಾಠ. ಜೊತೆಯ ಪೈಲಟ್ “ಸರ್, ನೆಲ” ಎನ್ನುತ್ತಾನೆ. ಮಗ “ಕಾಣ್ತಾ ಇದೆ. ಹಿಂದಿನೋರಿಗೆ ಬೆಲ್ಟ್ ಬಿಗಿ ಮಾಡ್ಕೊಳ್ಳೋಕ್ ಹೇಳು” ಎನ್ನುತ್ತಾನೆ. ಅವಳು ಗುಂಡಿ ಒತ್ತಿದಳು.

ತಾಯಿ ಅಳುತ್ತಾಳೆಂದುಕೊಂಡಿದ್ದಳು. ನಾಲಿಗೆಯ ತುದಿಯಲ್ಲಿ ಸಮಾಧಾನದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದಳು. ದರ್ಜಿಯಮ್ಮ ಹೆಡ್‌ಫೋನು ತೆಗೆದು, ಹೊಲಿಗೆ ಬಿಟ್ಟ ಬಟ್ಟೆ ನೋಡುವಂತೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

“ಇದು ನನ್ ಮಗ ಅಲ್ಲ.”

“ಅವರೇ ಅಮ್ಮಾ. ಹೆದರಿಕೆಯಲ್ಲಿ ಯಾರ ದನಿಯಾದ್ರೂ ಹೀಗೇ ಏರುತ್ತೆ.”

“ಯಾರದ್ದಾದ್ರೂ ಏರ್ಲಿ. ಅವನದ್ದು ಏರಲ್ಲ. ಹೆದರಿದ್ರೆ ಅವನು ಮಾತನ್ನ ನಿಧಾನ ಮಾಡ್ತಾನೆ. ಅವರಪ್ಪ ಹೋದ ದಿನ ನನಗೆ ಸುದ್ದಿ ಹೇಳಿದವನು ಅವನೇ. ಹದಿನಾರು ವಯಸ್ಸು. ನೀರು ಬೇಕಾ ಅಂತ ಕೇಳೋ ಹಾಗೆ ಹೇಳಿದ.” ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. “ಬಟ್ಟೆ ಎಳೆದು ಹಿಡಿದು ಹೊಲಿದ್ರೆ ಸುಕ್ಕು ಬರುತ್ತಲ್ಲ, ಹಾಗಿದೆ ಇದು. ಯಾರೋ ಎಳೆದಿದಾರೆ.”

ಕಿವಿಯಕ್ಕನಿಗೆ ಸಿಟ್ಟೇ ಬಂತು. ಕೆಲಸ ಪಣಕ್ಕಿಟ್ಟು ಕೇಳಿಸಿದರೆ ಇವಳೊಂದು ತಕರಾರು! ತಾಯಿಯ ಮನಸ್ಸು, ಮಗ ಹೆದರಿದ್ದ ಅನ್ನೋದನ್ನ ಒಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳನ್ನು ಗೇಟಿನವರೆಗೆ ಬಿಟ್ಟುಬಂದಳು. ದರ್ಜಿಯಮ್ಮ ಹೋಗುವಾಗ ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ.

ಆದರೆ ಕೋಣೆಗೆ ಮರಳಿದ ಮೇಲೆ ಆ ಒಂದು ಮಾತು ಹೋಗಲೊಲ್ಲದು. ಯಾರೋ ಎಳೆದಿದಾರೆ. ಎಳೆದದ್ದು ನಿಜವೇ, ಎಳೆದವಳು ತಾನೇ. ಅವಳು ಕಪಾಟಿನ ತಳದಿಂದ ತಿದ್ದದ ಮೂಲ ಪ್ರತಿಯನ್ನು ತೆಗೆದಳು. ಹನ್ನೊಂದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಹಾಕಿ ಕೇಳಿದಳು.

“ಕಾಣ್ತಾ ಇದೆ. ಹಿಂದಿನೋರಿಗೆ ಬೆಲ್ಟ್ ಬಿಗಿ ಮಾಡ್ಕೊಳ್ಳೋಕ್ ಹೇಳು.”

ನೀರು ಬೇಕಾ ಎಂದು ಕೇಳುವ ದನಿ. ಅದರ ಸುತ್ತ ರೋಟರಿನ ಸದ್ದು ಮಾತ್ರ ಇಳಿಯುತ್ತಾ, ಇಳಿಯುತ್ತಾ ಹೋಗುತ್ತಿತ್ತು. ಅವಳು ದಿನವೂ ಗುನುಗುವ ಅದೇ ಹಾಡು, ಗಂಡ ರೇಗಿಸುವ ಅದೇ ಕುಗ್ಗು. ಟೇಪು ನಿಜಕ್ಕೂ ಹಿಗ್ಗಿದ್ದರೆ ಮನುಷ್ಯನ ದನಿಯೂ ಅದರ ಜೊತೆ ತಗ್ಗಬೇಕಿತ್ತು. ಇಲ್ಲಿ ದನಿ ಇದ್ದಲ್ಲೇ ಇದೆ, ಯಂತ್ರದ ಸದ್ದು ಮಾತ್ರ ತಗ್ಗಿದೆ.

ಒಂದು ಆಸೆಯಿತ್ತು ಇನ್ನೂ. ಕಿವಿ ಮೋಸ ಮಾಡಬಹುದು. ಆ ದಿನ ಬೆಳಗ್ಗೆ ಹೊರಡುವಾಗ ಅದೇ ಪೈಲಟ್ ನೆಲದ ಮೇಲಿನ ನಿಯಂತ್ರಣ ಕೊಠಡಿಯವರ ಜೊತೆ ರೇಡಿಯೋದಲ್ಲಿ ಮಾತಾಡಿದ್ದು ಬೇರೆ ಯಂತ್ರದಲ್ಲಿ ದಾಖಲಾಗಿತ್ತು, ಬೆಂಕಿ ತಾಗದ ಟೇಪು ಅದು. ಅದನ್ನು ತರಿಸಿ ದನಿಯ ಶ್ರುತಿ ಅಳೆದಳು. ಸೆಕೆಂಡಿಗೆ ನೂರ ಹದಿನೆಂಟು. ಮೂಲ ಪ್ರತಿಯ ಕೊನೆಯ ಮಾತು ಅಳೆದಳು. ನೂರ ಹದಿನೆಂಟು. ತಾನು ತಿದ್ದಿದ ಪ್ರತಿ ಅಳೆದಳು. ನೂರ ಇಪ್ಪತ್ತೆಂಟು. ಮೂರು ಸಲ ಅಳೆದಳು, ಮೂರು ಸಲವೂ ಅಷ್ಟೇ ಬಂತು.

ಹಾಗಾದರೆ ಗುಂಯ್ ಏಕೆ ತಗ್ಗಿತು? ಆ ಹಳೆಯ ಮಾದರಿಯ ವೈರಿಂಗ್ ನಕ್ಷೆಯನ್ನು ಹರವಿಕೊಂಡು ಬೆರಳಿಟ್ಟು ಹುಡುಕುತ್ತಾ ಹೋದಳು. ಅವಳು ಉಪಾಯ ಕಲಿತದ್ದು ಬೇರೊಂದು ಮಾದರಿಯ ಮೇಲೆ. ಅದರಲ್ಲಿ ಆ ಕರೆಂಟು ಬ್ಯಾಟರಿಗೆ ಜೋಡಿಸಿದ ಪೆಟ್ಟಿಗೆಯಿಂದ ಬರುತ್ತದೆ, ಹೆಲಿಕಾಪ್ಟರ್ ತಲೆಕೆಳಗಾದರೂ ನಾನೂರು ನಾನೂರೇ. ಈ ಮಾದರಿಯಲ್ಲಿ ಹಾಗಲ್ಲ. ಇಲ್ಲಿ ಕರೆಂಟು ಹುಟ್ಟಿಸುವ ಯಂತ್ರವನ್ನು ತಿರುಗಿಸುವುದೇ ರೋಟರಿನ ಹಲ್ಲುಚಕ್ರ. ರೋಟರ್ ನಿಧಾನವಾದರೆ ಗುಂಯ್ ಕೂಡ ತಗ್ಗುತ್ತದೆ. ಗುಂಯ್ ತಗ್ಗಿದ್ದು ಟೇಪಿನ ದೋಷವಲ್ಲ, ಅದೇ ಸಾಕ್ಷಿ. ಆ ಸಾಕ್ಷಿಯನ್ನು ಅವಳು ಕೈಯಾರೆ ಎಳೆದು ನೆಟ್ಟಗೆ ಮಾಡಿದ್ದಳು. ಇಂಜಿನ್ನಿಗೆ ಬಲ ಸಾಲದೆ ರೋಟರ್ ಸೋಲುತ್ತಿತ್ತು. ಆ ಹುಡುಗ ಅದನ್ನು ಕೊನೆಯವರೆಗೂ ತಡೆದು ಹಿಡಿಯಲು ನೋಡಿದ್ದ.

ನಕ್ಷೆ ಹನ್ನೊಂದು ವರ್ಷದಿಂದ ಅದೇ ಕಪಾಟಿನಲ್ಲಿತ್ತು. ತೆಗೆದು ನೋಡಿರಲಿಲ್ಲ ಅಷ್ಟೆ. ಎಲ್ಲರೂ ಕಿವಿಯಕ್ಕ ಕಿವಿಯಕ್ಕ ಎಂದು ತಲೆಯ ಮೇಲೆ ಹೊತ್ತು ಮೆರೆಸುವಾಗ ನಕ್ಷೆ ಯಾರಿಗೆ ಬೇಕು!

ಆಮೇಲೆ ನೆನಪಾದದ್ದು ಇದಕ್ಕಿಂತ ಕೆಟ್ಟದ್ದು. ಇನ್ನೆರಡು ಟೇಪು. ಅವೂ ಕೊನೆಯ ಕ್ಷಣಗಳಲ್ಲೇ ತಗ್ಗಿದ್ದವು. ಮೂರು ಬೇರೆ ಬೇರೆ ಟೇಪುಗಳು, ಮೂರೂ ಬೀಳುವ ಮುಂಚಿನ ಇಪ್ಪತ್ತು ಸೆಕೆಂಡಿನಲ್ಲೇ ಹಿಗ್ಗಬೇಕೆ? ಬೆಂಕಿಗೇನು ಗಡಿಯಾರ ಗೊತ್ತಿತ್ತೆ? ಇಷ್ಟು ದಡ್ಡ ಪ್ರಶ್ನೆಯನ್ನು ತಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮೊದಲ ಅಪಘಾತ ಆದಾಗ ಇಂಜಿನ್ ಶೆಡ್ಡಿನ ಮೇಸ್ತ್ರಿ ಕಾಗದ ಬರೆದಿದ್ದ. ಗುಡ್ಡದ ಮೇಲಿನ ಧೂಳು ಇಂಜಿನ್ನಿನೊಳಗೆ ನುಗ್ಗಿ ಅಲಗುಗಳನ್ನು ತಿಂದುಹಾಕುತ್ತಿದೆ, ಬಾಯಿಗೆ ಸೋಸುವ ಜಾಲರಿ ಹಾಕಿಸಿ ಎಂದು. ಕಿವಿಯಕ್ಕನ ಗೆರೆ ಬಂದ ಮೇಲೆ ಆ ಕಾಗದಕ್ಕೆ ಬೆಲೆ ಇರಲಿಲ್ಲ. ಇಂಜಿನ್ನಿನಲ್ಲಿ ದೋಷವಿಲ್ಲ ಎಂದಾದ ಮೇಲೆ ಜಾಲರಿ ಯಾಕೆ? ಆವತ್ತು ಅವಳು ಗೆರೆಯನ್ನು ಇಳಿಯಲು ಬಿಟ್ಟಿದ್ದರೆ ಜಾಲರಿ ಬರುತ್ತಿತ್ತು, ಆಮೇಲಿನ ಎರಡು ಹೆಲಿಕಾಪ್ಟರ್ ಬೀಳುತ್ತಿರಲಿಲ್ಲ.

ಅವಳು ಪ್ರಶಂಸಾಪತ್ರವನ್ನು ಗೋಡೆಯಿಂದ ತೆಗೆದು ಮೇಜಿನ ಮೇಲೆ ಮಗುಚಿ ಹಾಕಿದಳು. ಕೋಣೆಯ ಸ್ಪಂಜು ಗೋಡೆಗಳ ನಡುವೆ ಮೂರು ದನಿಗಳು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಟೇಪಿನ ಯಂತ್ರ ನಿಂತಿತ್ತು, ಹೆಡ್‌ಫೋನು ಮೇಜಿನ ಮೇಲಿತ್ತು.

ದೊಡ್ಡ ಸಾಹೇಬರು ಅವಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು. ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು.

“ಆ ಮಾದರಿಯ ಹೆಲಿಕಾಪ್ಟರ್ ಒಂದೂ ಈಗ ಹಾರ್ತಾ ಇಲ್ಲ. ಇಂಜಿನ್ ಎಲ್ಲಾ ಗುಜರಿಗೆ ಹೋಯ್ತು. ಈಗ ಇದನ್ನ ಕೆದಕಿದ್ರೆ ಯಾರ ಜೀವ ಉಳಿಯುತ್ತೆ ಹೇಳಿ?”

“ಯಾರದ್ದೂ ಉಳಿಯಲ್ಲ ಸರ್.”

“ಮತ್ತೆ? ನಿಮ್ಮ ಮೂವತ್ತೈದು ವರ್ಷದ ಹೆಸರು ಮಣ್ಣುಪಾಲಾಗುತ್ತೆ. ನೀವು ಕೇಳಿದ ಎಲ್ಲಾ ಟೇಪಿನ ಮೇಲೂ ಅನುಮಾನ ಬರುತ್ತೆ. ಇನ್ನು ಇಪ್ಪತ್ತಾರು ದಿನ. ಸುಮ್ನೆ ಹೂವಿನ ಹಾರ ಹಾಕಿಸ್ಕೊಂಡು ಹೋಗಿ ಕಿವಿಯಕ್ಕ. ನಾನು ಕೇಳಿಲ್ಲ, ನೀವು ಹೇಳಿಲ್ಲ.”

ಅವಳು ಚಹಾ ಕುಡಿದು ಲೋಟ ಕೆಳಗಿಟ್ಟು ಎದ್ದಳು. ಹೂವಿನ ಹಾರ, ಫೋಟೋ, ಎರಡು ಒಳ್ಳೆಯ ಮಾತು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತೈದು ವರ್ಷ ಅದಕ್ಕಾಗಿಯೇ ಬೆನ್ನು ಬಗ್ಗಿಸಿದ್ದಳು. ಮನೆಗೆ ಹೋದಾಗ ಗಂಡನಿಗೆ ಎಲ್ಲ ಹೇಳಿದಳು. ನಿಯಮದ ಪ್ರಕಾರ ಅದೂ ತಪ್ಪೇ, ಇರಲಿ. ಅವನು ರೇಗಿಸಲಿಲ್ಲ. ನಾನು ಹೇಳಿದ್ದೆನಲ್ಲ ಎನ್ನಲೂ ಇಲ್ಲ.

“ಒಂದು ಸಲ ನನ್ ಬಸ್ಸಿನ ಬ್ರೇಕ್ ಹೋಗಿತ್ತು, ನೆನಪಿದ್ಯಾ?” ಎಂದ ಪೇಪರ್ ಮಡಚಿಟ್ಟು. “ಯಾರಿಗೂ ಏನೂ ಆಗ್ಲಿಲ್ಲ. ಆದ್ರೂ ಡ್ರೈವರ್ ಕುಡಿದಿದ್ದ ಅಂತ ಬರೆದ್ರು. ತಿಂಗಳಾದ್ಮೇಲೆ ಮೆಕ್ಯಾನಿಕ್ ಬಂದು, ತಪ್ಪು ನಂದು ಅಂತ ಡಿಪೋದಲ್ಲಿ ಎಲ್ಲರ ಮುಂದೆ ಹೇಳಿದ. ಅವತ್ತು ನಾನು ಊಟ ಮಾಡಿದ್ದು ಇವತ್ತಿಗೂ ನೆನಪಿದೆ.”

ಮಾರನೆಯ ದಿನ ಅವಳು ಮೂರು ಪುಟ ಬರೆದಳು. ಸುತ್ತಿ ಬಳಸಿ ಬರೆಯಲಿಲ್ಲ. ಮೊದಲ ಸಾಲಿನಲ್ಲೇ, ಈ ಮೂರೂ ವರದಿಗಳ ತಪ್ಪು ನನ್ನದು ಎಂದು ಬರೆದು, ಹಾಜರಿ ಪುಸ್ತಕದಲ್ಲಿದ್ದ ತನ್ನ ಹೆಸರಿನಲ್ಲಿ ಸಹಿ ಹಾಕಿದಳು. ಬಹಳ ದಿನದ ಮೇಲೆ ಬರೆದ ಹೆಸರು, ಬೇರೆ ಯಾರದೋ ಎಂಬಂತೆ ಕಂಡಿತು. ದೊಡ್ಡ ಸಾಹೇಬರ ಮೇಲಿನವರಿಗೂ ಒಂದು ಪ್ರತಿ ಕಳಿಸಿದಳು, ಇಲ್ಲವಾದರೆ ಅದು ಚಹಾದ ಜೊತೆ ಕರಗಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಒಂದೆರಡು ವಾರ ಗದ್ದಲವಾಯಿತು. ಪರಿಣತರು ಬಂದು ಅವಳ ಲೆಕ್ಕವನ್ನೆಲ್ಲ ಮತ್ತೆ ಅಳೆದರು. ಗೆರೆ ಇಳಿಯಿತು. ಹೂವಿನ ಹಾರ ಬರಲಿಲ್ಲ. ಕೊನೆಯ ದಿನ ಕಾವಲುಗಾರನೊಬ್ಬನೇ ಎದ್ದು ನಿಂತು ಗೇಟು ತೆರೆದ.

ಮೂವರು ಪೈಲಟ್‌ಗಳ ಮನೆಗೂ ಕಚೇರಿಯಿಂದ ಕಾಗದ ಹೋಗುವುದಿತ್ತು. ಅದಕ್ಕೆ ಮೊದಲೇ ಅವಳು ದರ್ಜಿಯಮ್ಮನ ಅಂಗಡಿಗೆ ಹೋದಳು.

ರಸ್ತೆಗೆ ಬಾಗಿಲು ತೆರೆದ ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೂಟಗಳಲ್ಲಿ ಶಾಲೆಯ ಅಂಗಿಗಳು, ನೆಲದ ಮೇಲೆ ಬಣ್ಣಬಣ್ಣದ ಚೂರು. ಗೋಡೆಯಲ್ಲಿ ಸಮವಸ್ತ್ರದ ಹುಡುಗನ ಫೋಟೋ. ದನಿ ಕೇಳಿ ಕೇಳಿ ಅವಳು ಮನಸ್ಸಿನಲ್ಲಿ ಬೇರೊಂದು ಮುಖ ಮಾಡಿಕೊಂಡಿದ್ದಳು. ಇವನು ಅದಕ್ಕಿಂತ ಬಹಳ ಚಿಕ್ಕವನು. ದರ್ಜಿಯಮ್ಮ ಸ್ಟೂಲು ಎಳೆದುಕೊಟ್ಟಳು. ಕಿವಿಯಕ್ಕ ಕೂತು ಎಲ್ಲ ಹೇಳಿದಳು. ಗುಂಯ್ ಸದ್ದಿನ ಬಳಿ ಬಂದಾಗ ಮಾತು ತಡವರಿಸಿತು. ಎದುರಿನ ಕೊರಳಲ್ಲಿದ್ದ ಅಳತೆ ಪಟ್ಟಿ ಕಂಡಿತು.

“ಈಗ ನಿಮ್ಮ ಈ ಪಟ್ಟಿ ಹಳೇದಾಗಿ ಹಿಗ್ಗಿದೆ ಅಂದ್ಕೊಳ್ಳಿ...”

“ಹಿಗ್ಗಿದ ಪಟ್ಟೀಲೇ ಮೈ ಅಳೆದು, ಅದರಲ್ಲೇ ಬಟ್ಟೆ ಅಳೆದ್ರೆ ತಪ್ಪು ಕಾಣ್ಸಲ್ಲ” ಎಂದಳು ದರ್ಜಿಯಮ್ಮ. “ಎರಡೂ ಸರಿ ಅನ್ಸುತ್ತೆ. ಗೊತ್ತಾಯ್ತು, ಮುಂದೆ ಹೇಳಿ.”

ಹನ್ನೊಂದು ವರ್ಷ ಪರಿಣತರಾರಿಗೂ ಹೊಳೆಯದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಹೊಳೆದಿತ್ತು. ಕಿವಿಯಕ್ಕ ಮುಂದೆ ಹೇಳಿದಳು. ಇಂಜಿನ್ನಿಗೆ ಬಲ ಸಾಲಲಿಲ್ಲ, ಮಗನದು ಏನೂ ತಪ್ಪಿಲ್ಲ, ಹಿಂದಿನವರಲ್ಲಿ ಇಬ್ಬರು ಉಳಿದದ್ದು ಅವನು ಬೆಲ್ಟ್ ಬಿಗಿ ಮಾಡಿಸಿದ್ದರಿಂದಲೇ ಇರಬೇಕು. ಹೇಳಿ ಮುಗಿಸಿ, ಚೀಲದಿಂದ ಒಂದು ಪುಟ್ಟ ಯಂತ್ರ ತೆಗೆದಳು. ಈ ಸಲ ಅನುಮತಿ ಇತ್ತು. ತಿದ್ದದ ದನಿ ಆ ಕೋಣೆಯಲ್ಲಿ ಒಂದು ಸಲ ಮಾತಾಡಿತು. ಅಂಗಿಗಳು ಗೂಟದಲ್ಲಿ ಅಲ್ಲಾಡದೆ ನೇತಾಡುತ್ತಿದ್ದವು.

“ಹೂಂ. ಇವನೇ” ಎಂದಳು ತಾಯಿ.

ಅವಳು ಹೊಲಿಗೆ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟಳು. “ಹಾಗಾದ್ರೆ ಅವನು ಗಾಬರಿ ಬಿದ್ದಿರ್ಲಿಲ್ಲ.”

“ಇಲ್ಲಮ್ಮ. ಒಂದು ಚೂರೂ ಇಲ್ಲ.”

“ಅಂದ್ರೆ ಅವನಿಗೆ ಗೊತ್ತಿತ್ತು.” ಅವಳ ಕಣ್ಣು ಫೋಟೋದ ಮೇಲಿತ್ತು. “ಹೆದರಿದಾಗಲೇ ತಾನೆ ಅವನು ಹೀಗೆ ಮಾತಾಡೋದು? ಇಪ್ಪತ್ತೆರಡು ಸೆಕೆಂಡೂ ಗೊತ್ತಿತ್ತು ಅವನಿಗೆ. ಹನ್ನೊಂದು ವರ್ಷ ನನ್ ಮಗ ಬುದ್ಧಿಗೆಟ್ಟು ಸತ್ತ ಅಂತ ಅತ್ತೆ. ಇನ್ನು ಮೇಲೆ ಎಲ್ಲಾ ಗೊತ್ತಿದ್ದೂ ಕೂತಿದ್ದ ಅಂತ ಅಳ್ಬೇಕು.”

ಇದನ್ನು ಕಿವಿಯಕ್ಕ ಯೋಚಿಸಿಯೇ ಇರಲಿಲ್ಲ. ಒಳ್ಳೆಯ ಸುದ್ದಿ ತಂದಿದ್ದೇನೆಂದುಕೊಂಡು ಬಂದಿದ್ದಳು, ಮರ್ಯಾದೆ ತಂದುಕೊಟ್ಟೆನೆಂದುಕೊಂಡಿದ್ದಳು. ಎರಡೂ ಕೈ ಜೋಡಿಸಿ, “ನನ್ನ ಕ್ಷಮಿಸಿಬಿಡಿ” ಎಂದಳು. ಅಷ್ಟು ಹೇಳುವಾಗ ಅವಳಿಗೆ ಅಳು ಬಂದುಬಿಟ್ಟಿತು.

ದರ್ಜಿಯಮ್ಮ ಅವಳನ್ನು ನೋಡಿದಳು. ಅಷ್ಟು ಹೊತ್ತು ನೀವು ಎನ್ನುತ್ತಿದ್ದವಳು ಆಗ ಏಕವಚನಕ್ಕೆ ಇಳಿದಳು. ಅದರಲ್ಲಿ ಸಿಟ್ಟಿತ್ತೋ ಸಲಿಗೆಯಿತ್ತೋ ಕಿವಿಯಕ್ಕನಿಗೆ, ಅಂಥ ಕಿವಿಯಿದ್ದೂ, ಗೊತ್ತಾಗಲಿಲ್ಲ.

“ನನ್ ಮಗ ಬಿದ್ದಿದ್ದು ಇಂಜಿನ್ನಿಂದ. ಅದಕ್ಕೆ ನೀನು ಕಾರಣ ಅಲ್ಲ. ಅವನ ಹೆಸರು ಕೆಡಿಸಿದೆ, ಈಗ ಸರಿ ಮಾಡಿದೆ. ನನ್ ಪಾಲು ಮುಗೀತು ಅನ್ನು. ಆದ್ರೆ ಅವನ ನಂತರ ಬಿದ್ದವರಿದಾರಲ್ಲ, ಅವರು ಬೀಳಬಾರದಿತ್ತು. ಕ್ಷಮೆಯಲ್ಲಿ ಅವರ ಅಮ್ಮಂದಿರ ಪಾಲೂ ಇದೆ. ಅದನ್ನ ನಾನು ಕೊಡೋಕಾಗಲ್ಲ. ಹೋಗಿ ಕೇಳು.”

“ಹೋಗ್ತೀನಿ.”

“ಇವತ್ತೇ ಹೋಗು. ಕಾಗದ ಬಂದ್ಮೇಲೆ ಹೋದ್ರೆ ಹೋದ ಹಾಗಲ್ಲ.”

ಎರಡನೇ ಮನೆಯ ವಿಳಾಸ ಅವಳ ಕೈಯಲ್ಲಿದ್ದ ಚೀಟಿಯಲ್ಲಿತ್ತು. ಊರಿನ ಆ ತುದಿ, ದಿಬ್ಬದ ಮೇಲಿನ ಬೀದಿ. ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಏರು ಶುರುವಾದಾಗ ಇಂಜಿನ್ನು ಉಸಿರು ಕಟ್ಟಿ ಕುಗ್ಗತೊಡಗಿತು. ಅವಳ ಗಂಟಲಲ್ಲಿ ಆ ಸದ್ದು ತಾನಾಗಿಯೇ ಎದ್ದಿತು. ಈ ಸಲ ಅವಳಿಗೆ ಅರಿವಿತ್ತು. ಇಳಿಯುತ್ತಾ ಹೋದ ಸದ್ದನ್ನು ಅವಳು ತಡೆಯಲಿಲ್ಲ, ತಿದ್ದಲಿಲ್ಲ, ಕೊನೆಯವರೆಗೂ ಇಳಿಯಲು ಬಿಟ್ಟಳು. ಅದು ಮುಗಿದ ಕಡೆ ಹುಡುಗನ ಮಾತಿತ್ತು, ಬೆಲ್ಟ್ ಬಿಗಿ ಮಾಡ್ಕೊಳ್ಳೋಕ್ ಹೇಳು. ಪಕ್ಕದ ಸೀಟಿನ ಹೆಂಗಸು ಬಗ್ಗಿ ನೋಡಿದಳು.

“ಏನಮ್ಮಾ, ಹುಷಾರಿಲ್ವಾ?”

“ಮುಂದಿನ ಸ್ಟಾಪು ನಂದು” ಎಂದು ಕಿವಿಯಕ್ಕ ಎ‌ದ್ದು ಬಾಗಿಲಿಗೆ ನಡೆದಳು.